ಗೌಡಸಾನಿಯ ವಾರಿಗೆ

ಪಂಪಿನ ಕೋಣೆಯ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಒಂಬತ್ತು ಮೀನುಗಳ ನಂಬರು, ತೂಕ, ಹುಟ್ಟಿದ ತಾರೀಕು ಎಲ್ಲವೂ ಇದ್ದವು. ಒಂಬತ್ತೂ ಹುಟ್ಟಿದ್ದು ಜೂನ್ ಒಂದಕ್ಕೆ. ಹೊಳೆಪ್ಪನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವನು ಹುಟ್ಟಿದ್ದೂ ಜೂನ್ ಒಂದಕ್ಕೆ, ಅವನ ಹೆಂಡತಿ ಲಕ್ಷ್ಮವ್ವ ಹುಟ್ಟಿದ್ದೂ ಜೂನ್ ಒಂದಕ್ಕೆ; ಬಾದಾಮಿ, ಹುನಗುಂದ, ಮುದ್ದೇಬಿಹಾಳದ ಕಡೆಯಿಂದ ಗೋವಾಕ್ಕೆ ಬಂದು ವಾಸ್ಕೋದ ಮಂಗೋರ್ ಹಿಲ್ಲಿನ ಅವನ ಓಣಿಯಲ್ಲಿ ಬಾಡಿಗೆಗಿರುವವರ ಆಧಾರ್ ಕಾರ್ಡುಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಅದೊಂದು ದಿನ ಆ ಸೀಮೆಯ ಸೂಲಗಿತ್ತಿಯರಿಗೆ ಊಟ ಮಾಡಲೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಎಡಗಿವಿಗೆ ಮುಟ್ಟಿಸಿ, ಮುಟ್ಟಿತೆಂದರೆ ಆರು ವರ್ಷವೆಂದು ತೀರ್ಮಾನಿಸಿ, ತಾರೀಕಿನ ಜಾಗದಲ್ಲಿ ಕಣ್ಣು ಮುಚ್ಚಿ ಜೂನ್ ಒಂದು ಬರೆದುಬಿಡುತ್ತಿದ್ದರು. ಆರು ವರ್ಷದ ಹಿಂದೆ ಈ ಮೀನುಮರಿ ಕೇಂದ್ರದಲ್ಲಿ ತಳಿಯ ಮೀನುಗಳ ಬೆನ್ನಿಗೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ತೂರಿಸಿ ಕಂಪ್ಯೂಟರಿಗೆ ಏರಿಸುವಾಗ, ಹುಟ್ಟಿದ ತಾರೀಕು ತುಂಬದೆ ಮುಂದಕ್ಕೆ ಹೋಗಲು ಕಂಪ್ಯೂಟರು ಒಪ್ಪಲಿಲ್ಲ. ಆಗಿನ ಸಾಹೇಬರು ತಲೆ ಕೆರೆದುಕೊಳ್ಳುತ್ತ ಕೂತಿದ್ದರು. ಜೂನ್ ಒಂದು ಬರೆಯಿರಿ ಸಾಹೇಬರೇ, ಎಲ್ಲರದೂ ಅದೇ ಇರುತ್ತದೆ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿಕೊಟ್ಟವನು ಹೊಳೆಪ್ಪನೇ. ಸಾಹೇಬರು ಖುಷಿಯಾಗಿ ಅವನಿಗೊಂದು ಚಹಾ ಕುಡಿಸಿದ್ದರು.

ಹಾಗಾಗಿ ತಾರೀಕಿನದು ಅವನಿಗೆ ಚಿಂತೆಯಿರಲಿಲ್ಲ. ಚಿಂತೆ ನಾಲ್ಕನೆಯ ಸಾಲಿನ ಇಸವಿಯದು. ಅಲ್ಲಿ ಎರಡು ಸಾವಿರದ ಏಳು ಎಂದಿತ್ತು. ಹಾಗಾದರೆ ನಾಳೆಗೆ ಆ ಮೀನಿಗೆ ಹದಿನೆಂಟು ತುಂಬುತ್ತದೆ. ಹದಿನೈದು ದಾಟಿದವನ್ನು ತಳಿಯಿಂದ ತೆಗೆದುಹಾಕಬೇಕೆಂದು ಮೂರು ತಿಂಗಳ ಹಿಂದೆ ಬಂದ ಮ್ಯಾನೇಜರ್ ಗೀತಾಂಜಲಿ ಪಟ್ಟಿಯ ಕೆಳಗೆ ಸಹಿ ಮಾಡಿದ್ದಳು. ಒಂಬತ್ತರಲ್ಲಿ ಹದಿನೈದು ದಾಟಿದ್ದು ಅದೊಂದೇ. ಹೋಟೆಲಿನವರ ಐಸ್ ಗಾಡಿ ಇವತ್ತು ಸಂಜೆ ನಾಲ್ಕಕ್ಕೇ ಬರುತ್ತದೆ, ಯಾಕೆಂದರೆ ನಾಳೆಯಿಂದ ಮಳೆಗಾಲದ ಎರಡು ತಿಂಗಳು ಮೀನು ಹಿಡಿಯಲು ಸಮುದ್ರಕ್ಕೆ ಬೋಟು ಇಳಿಸುವಂತಿಲ್ಲ, ಹನ್ನೆರಡು ಕಿಲೋದ ಮೀನು ಎಂದರೆ ಹೋಟೆಲಿನವರು ಬಾಯಿ ಬಿಡುತ್ತಾರೆ. ಇಸವಿಯನ್ನು ಹೇಳಿದವನೂ ಹೊಳೆಪ್ಪನೇ. ಅದು ಸುಳ್ಳು. ಆ ಮೀನಿಗೆ ಇನ್ನೂ ಹನ್ನೆರಡೂ ತುಂಬಿಲ್ಲ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಅದು ಹೇಗೆ ಗೊತ್ತು ಎಂದು ಹೇಳಬೇಕಾದರೆ ಮಾತ್ರ ಇನ್ನೊಂದು ವಿಷಯ ಬಾಯಿ ಬಿಡಬೇಕಾಗಿತ್ತು. ಅದನ್ನು ಅವನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಮೂರನೆಯ ತೊಟ್ಟಿಯ ಅಂಚಿಗೆ ಹೋಗಿ ಬಗ್ಗಿದ. ಗೋವಾದವರು ಚೊಣಾಕ ಎಂದು ಆಸೆಪಟ್ಟು ತಿನ್ನುವ ಈ ಮೀನಿನ ಸಂಸಾರವೇ ಒಂದು ತಮಾಷೆ. ಎಲ್ಲವೂ ಮೊದಲು ಗಂಡು. ಐದಾರು ವರ್ಷ ಗಂಡಾಗಿ ಬಾಳಿ, ಆಮೇಲೆ ಯಾರನ್ನೂ ಕೇಳದೆ ಹೆಣ್ಣಾಗಿ ತತ್ತಿ ಇಡತೊಡಗುತ್ತವೆ. ನಾಲ್ಕನೆಯ ಸಾಲಿನ ಈ ಮೀನು ಗಂಡಾಗಿದ್ದಾಗ ಮಿಕ್ಕವನ್ನೆಲ್ಲ ಹಿಂದಕ್ಕೆ ತಳ್ಳಿ ಮೇವಿಗೆ ತಾನೇ ಮೊದಲು ಬಾಯಿ ಹಾಕುತ್ತಿತ್ತೆಂದು, ಪಂಪು ನಡೆಸುವ ಅಪ್ಪಾಸಾಬ ಅದಕ್ಕೆ ಗೌಡ ಎಂದು ಹೆಸರಿಟ್ಟಿದ್ದ. ಐದು ವರ್ಷದ ಹಿಂದೆ ಸಾಹೇಬರು ಸಣ್ಣ ನಳಿಗೆ ಹಾಕಿ ಪರೀಕ್ಷಿಸಿದಾಗ ಗೌಡರ ಹೊಟ್ಟೆಯಿಂದ ತತ್ತಿ ಬಂತು. ‘ಗೌಡ್ರು ಹೋಗಿ ಗೌಡಸಾನಿ ಆದ್ರಲೇ’ ಎಂದು ಅಪ್ಪಾಸಾಬ ಮೂರು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹೊಳೆಪ್ಪನಿಗೆ ನಗು ಬಂದಿರಲಿಲ್ಲ, ಅವನಿಗೆ ಹೊಟ್ಟೆಕಿಚ್ಚಾಗಿತ್ತು. ಒಂದಾಗಿದ್ದವನು ಇನ್ನೊಂದಾಗಿ, ಅದೇ ನೀರಿನಲ್ಲಿ ಅದೇ ಮಂದಿಯ ನಡುವೆ ಮುಖ ಮುಚ್ಚಿಕೊಳ್ಳದೆ ತಿರುಗಾಡಿಕೊಂಡಿರುವುದು ಅವನಿಂದ ಆಗದ ಕೆಲಸ. ಈಗ ದಾಬೋಲಿಮ್‌ನಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಗುಡುಗುತ್ತ ಹೋಯಿತು. ಮಿಕ್ಕ ಎಂಟೂ ಮೀನುಗಳು ತಳಕ್ಕೆ ಹೋದವು. ಗೌಡಸಾನಿ ಮಾತ್ರ ಮೇಲೆಯೇ ಇದ್ದು, ಕಿವಿರು ಆಡಿಸುತ್ತ ಅವನ ಕೈಯನ್ನು ನೋಡುತ್ತಿತ್ತು. ಕೈಯಲ್ಲಿ ಮೇವು ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಗೀತಾಂಜಲಿ ಎಲ್ಲರನ್ನೂ ಕೂಡಿಸಿ ಬಿಳಿ ಹಲಗೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದ್ದಳು. ಗೆರೆ ಏರಿ, ಸ್ವಲ್ಪ ಹೊತ್ತು ಮಟ್ಟಸವಾಗಿ ನಡೆದು, ಇಳಿದುಹೋಗಿತ್ತು. ಅವಳದು ಬೆಳಗಾವಿಯ ವ್ಯಾಪಾರಸ್ಥರ ಮನೆತನ, ಮಡಗಾಂವದಲ್ಲಿ ಬಟ್ಟೆ ಅಂಗಡಿ. ಅವಳೊಬ್ಬಳು ಮೀನು ಓದಿ ಈ ಕಡೆ ಬಂದಿದ್ದಳು. ಕೆಲಸಗಾರರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಹೊಳೆಪ್ಪನಿಗೆ ಕಾಕಾ ಎನ್ನುತ್ತಿದ್ದಳು. ‘ನೋಡ್ರಿ ಕಾಕಾ, ಮೊದಲನೇ ಸಲ ತತ್ತಿ ಹಾಕೂದರ ತತ್ತಿ ಸಣ್ಣು. ಆಮ್ಯಾಲೆ ನಾಕೈದು ವರ್ಷ ಭಾಳ ಚಲೋ. ಭಾಳ ವಯಸ್ಸಾತಂದ್ರ ತತ್ತಿ ರಗಡ ಬರ್ತಾವ, ಆದ್ರ ಅರ್ಧಕ್ಕರ್ಧ ಬೆಳ್ಳಗಾಗಿ ಮುಳುಗತಾವ. ಮರಿ ಎದ್ದರೂ ಗಟ್ಟಿ ಇರೂದಿಲ್ಲ. ಬೆನ್ನ ಸೊಟ್ಟ ಇರತೈತಿ, ಕಣ್ಣ ಸರಿ ಇರೂದಿಲ್ಲ’ ಎಂದಳು. ಮೂರು ತಿಂಗಳಿಂದ ಮುಳುಗುವ ತತ್ತಿ ಹೆಚ್ಚಾಗಿರುವುದು ಹೊಳೆಪ್ಪನಿಗೂ ಗೊತ್ತಿತ್ತು. ಅಮಾವಾಸ್ಯೆ ಹುಣ್ಣಿಮೆಗಳ ಮರುದಿನ ಬೆಳಿಗ್ಗೆ ತತ್ತಿಗಳನ್ನು ಬಕೆಟ್ಟಿನಲ್ಲಿ ಬಿಟ್ಟು, ತೇಲಿದ ಜೀವವನ್ನು ಬೇರೆ, ಮುಳುಗಿದ ಸಾವನ್ನು ಬೇರೆ ಮಾಡುವವನೇ ಅವನು. ಒಂಬತ್ತರಲ್ಲಿ ಹೆಣ್ಣಾದವೆಲ್ಲ ಒಂದೇ ತೊಟ್ಟಿಯಲ್ಲಿ ತತ್ತಿ ಇಡುವುದರಿಂದ ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ‘ತತ್ತಿ ಮ್ಯಾಲೆ ಅವ್ವನ ಹೆಸರು ಬರದಿರೂದಿಲ್ಲ ನೋಡ್ರಿ. ಅದಕ್ಕ ವಯಸ್ಸ ಹಿಡದ ತಗೀಬೇಕು’ ಎಂದು ಗೀತಾಂಜಲಿ ಗೆರೆ ಇಳಿದ ಜಾಗದಲ್ಲಿ ಒಂದು ಕಾಟು ಹಾಕಿದಳು.

ಹೊಳೆಪ್ಪ ಕಣ್ಣು ಸರಿ ಇರುವುದಿಲ್ಲ ಎಂಬಲ್ಲಿಯೇ ನಿಂತುಬಿಟ್ಟಿದ್ದ. ಮಗಳು ಮೀನಾಳಿಗೆ ಎರಡನೆಯ ಇಯತ್ತೆಯಲ್ಲೇ ಕನ್ನಡಕ ಬಂದಿತ್ತು. ಧೂಳು ಕಂಡರೆ ಏಳೆಂಟು ಸೀನು ಸೀನುತ್ತಾಳೆ. ಹಾಲುಹಲ್ಲು ಬಿದ್ದ ಮೇಲೆ ಮುಂದಿನದೊಂದು ಹಲ್ಲು ವರ್ಷವಿಡೀ ಬರದೆ ಸತಾಯಿಸಿತ್ತು. ಇವತ್ತಿಗೂ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಅಂಗಡಿಗೆ ಹೋಗಿಬಿಡುತ್ತಾಳೆ. ಇವೆಲ್ಲ ಮಕ್ಕಳಿಗೆ ಆಗುವಂಥವೇ ಎಂದುಕೊಂಡಿದ್ದವನಿಗೆ ಈಗ ಬಿಳಿ ಹಲಗೆಯ ಗೆರೆಯ ಕೆಳಗೆ ತನ್ನ ಮನೆ ಕಾಣಿಸಿತು. ಬೆನ್ನು? ಬೆನ್ನು ನೆಟ್ಟಗಿದೆಯೇ? ದಫ್ತರ ಹೊತ್ತು ಬಾಗುತ್ತಾಳೆ ಎಂದು ಲಕ್ಷ್ಮವ್ವ ಬೈಯುತ್ತಿರುತ್ತಾಳಲ್ಲ. ತಪ್ಪು ಲಕ್ಷ್ಮವ್ವನದೋ ತನ್ನದೋ ಎಂದು ತಿಳಿದುಕೊಳ್ಳಬೇಕೆನ್ನಿಸಿ, ತಡೆದುಕೊಳ್ಳಲಾರದೆ ಕೈಯೆತ್ತಿದ. ‘ಮೇಡಮ್ಮಾರ, ಗಂಡಿಂದ ವಯಸ್ಸಾತಂದ್ರ ಮರಿಗೆ ಏನಾಗತೈತ್ರಿ?’ ಗೀತಾಂಜಲಿ ಮೆಚ್ಚಿಕೊಂಡೇ ಉತ್ತರ ಹೇಳಿದಳು. ‘ಚಲೋ ಪ್ರಶ್ನೆ ಕಾಕಾ. ಆದ್ರ ಇದರಾಗ ಮುದುಕ ಗಂಡ ಅನ್ನೂದ ಸಿಗೂದಿಲ್ಲ. ವಯಸ್ಸಾಗೂದ್ರಾಗ ಅವು ಹೆಣ್ಣ ಆಗಿರತಾವ.’ ‘ಹಂಗಾರ ಹೊಳೆಪ್ಪಣ್ಣ, ನಿನ್ನ ಪಾಳಿ ಯಾವಾಗ?’ ಎಂದ ಅಪ್ಪಾಸಾಬ. ಎಲ್ಲರೂ ನಕ್ಕರು. ಹೊಳೆಪ್ಪನೂ ನಕ್ಕ, ನಗುವಾಗ ತನ್ನ ಬಾಯಿ ಎಷ್ಟು ಅಗಲ ತೆರೆದಿದೆ ಎಂಬುದರ ಮೇಲೆಯೇ ಅವನ ಗಮನವಿತ್ತು. ಅರವತ್ತರ ಗಂಡಸು ಇಷ್ಟಕ್ಕೆಲ್ಲ ನೊಂದುಕೊಳ್ಳಬಾರದು. ಅವನಿಗೆ ಭಾಳ ನೋವಾಗಿತ್ತು.

ಮೀನಾ ಹುಟ್ಟಿದಾಗ ಅವನಿಗೆ ನಲವತ್ತೆಂಟು, ಲಕ್ಷ್ಮವ್ವನಿಗೆ ನಲವತ್ತಮೂರು. ಮದುವೆಯಾಗಿ ಇಪ್ಪತ್ತೆರಡು ವರ್ಷ ಮಕ್ಕಳಿಲ್ಲದೆ, ಹುಲಿಗೆಮ್ಮನಿಗೆ ಹರಕೆ ಹೊತ್ತು, ಆ ಹರಕೆಯನ್ನೂ ಮರೆತು, ಕೊನೆಗೆ ಮುಟ್ಟು ನಿಂತಾಗ ಲಕ್ಷ್ಮವ್ವ ಇನ್ನು ಇದೊಂದು ಕಾಟ ಮುಗಿಯಿತೆಂದು ನಿರಾಳವಾಗಿದ್ದಳು. ಐದನೆಯ ತಿಂಗಳಲ್ಲಿ ಹೊಟ್ಟೆಯೊಳಗಿನಿಂದ ಒದೆ ಬಿತ್ತು. ವಾಯುವೆಂದು ತಿಳಿದು ಹತ್ತು ದಿನ ಅಜವಾನ ತಿಂದಳು. ಹೆರಿಗೆ ಆಗಸ್ಟ್ ತಿಂಗಳಲ್ಲಿ, ಕೇಂದ್ರಕ್ಕೆ ಬೆರಳುದ್ದದ ಮೀನುಮರಿಗಳ ಚೀಲಗಳು ಬಂದ ದಿನವೇ. ಮರಿಗಳನ್ನು ತೊಟ್ಟಿಗೆ ಬಿಟ್ಟು, ಕೈಕಾಲು ತೊಳೆಯದೆ ಹೊಳೆಪ್ಪ ಆಸ್ಪತ್ರೆಗೆ ಓಡಿದ್ದ. ನರ್ಸ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತಂದು, ಅವನ ನೆರೆತ ತಲೆಯನ್ನು ನೋಡಿ, ‘ತುಜಿ ನಾತ್?’ ಎಂದು ಕೊಂಕಣಿಯಲ್ಲಿ ಕೇಳಿದಳು. ಅವನಿಗೆ ಕೇಳಿಸಿದ್ದು ನಾತ. ಮೈ ನಾರುತ್ತಿದೆ ಎಂದು ಬೈಯುತ್ತಿದ್ದಾಳೆಂದುಕೊಂಡು ನಾಚಿ ಕುಗ್ಗಿ, ‘ಹೌದ್ರಿ... ಮೀನಾ... ಮೀನಿಂದ್ರಿ’ ಎಂದು ತೊದಲಿ, ತಲೆಯಾಡಿಸಿ, ಎರಡು ಹೆಜ್ಜೆ ಹಿಂದಕ್ಕೆ ಸರಿದ. ನರ್ಸ್ ಚೆಂದದ ಹೆಸರೆಂದು ನಕ್ಕು, ಕೂಸಿನ ಕೈಗೆ ಕಟ್ಟುವ ಚೀಟಿಯ ಮೇಲೆ ಮೀನಾ ಎಂದು ಬರೆದಳು. ಕೊಂಕಣಿಯಲ್ಲಿ ನಾತ್ ಎಂದರೆ ಮೊಮ್ಮಗಳು ಎಂದು ಅವನಿಗೆ ತಿಳಿದದ್ದು ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ಇಡೀ ವಾರ್ಡು ಅವನಿಗೆ ಅಜ್ಜನಾದನೆಂದು ಕೈ ಕುಲುಕಿ ಮುಗಿಸಿತ್ತು.

ಆಗಲೇ ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಕೇಂದ್ರದಲ್ಲಿ ಪೇಡೆ ಹಂಚುವಾಗ ಅಪ್ಪಾಸಾಬ, ‘ಮೊಮ್ಮಗಳೇನೋ? ಭಾಳ ಚಲೋ ಆತು’ ಎಂದು ತಾನೇ ತೀರ್ಮಾನ ಮಾಡಿದ. ಅಲ್ಲ ಎನ್ನಲು ತೆರೆದ ಬಾಯಿಗೆ ಹೊಳೆಪ್ಪ ಪೇಡೆ ಹಾಕಿಕೊಂಡ. ಪೇಡೆ ಕರಗುವಷ್ಟರಲ್ಲಿ ಹೇಳುವ ಹೊತ್ತು ದಾಟಿಹೋಗಿತ್ತು. ಆಮೇಲೆ, ಕೂಸು ಸಾಲಿಗೆ ಹೋಗುವ ಹೊತ್ತಿಗೆ, ಅದರ ಅವ್ವ ಎಲ್ಲಿದ್ದಾಳೆ ಎಂದು ಯಾರೋ ಕೇಳಿದರು. ಅವನು ಇಲ್ಲದ ಮಗಳೊಬ್ಬಳನ್ನು ಹುಟ್ಟಿಸಿ, ಮದುವೆ ಮಾಡಿ, ಗಂಡನ ಜೊತೆ ಊರಲ್ಲಿಟ್ಟ, ಮೊಮ್ಮಗಳು ಮಾತ್ರ ಸಾಲಿ ಕಲಿಯಲೆಂದು ತಮ್ಮ ಹತ್ತಿರ ಇದ್ದಾಳೆ ಎಂದ. ಆ ಮಗಳಿಗೆ ಈ ವರ್ಷಗಳಲ್ಲಿ ಒಮ್ಮೆ ಕಾಮಾಲೆ ಆಗಿತ್ತು, ಅಳಿಯನಿಗೆ ಕೆಲಸ ಹೋಗಿತ್ತು, ಅಪ್ಪಾಸಾಬ ಅವನಿಗೆ ವೆರ್ಣಾದ ಫ್ಯಾಕ್ಟರಿಯಲ್ಲಿ ಕೆಲಸ ನೋಡಲೂ ಹೊರಟಿದ್ದ. ವಾಸ್ಕೋದ ಸಂತೆಯಲ್ಲಿ ಮೀನಾಳ ಕೈ ಹಿಡಿದುಕೊಂಡಿದ್ದಾಗ ಕೇಂದ್ರದವರು ಯಾರಾದರೂ ಎದುರಾದರೆ, ಅಜ್ಜನ ಕೂಡ ಬಂದೀಯೇನವಾ ಎನ್ನುತ್ತಿದ್ದರು. ಹೊಳೆಪ್ಪ ಅವಸರದಲ್ಲಿ ಟೊಮೆಟೊ ಆರಿಸತೊಡಗುತ್ತಿದ್ದ. ಮನೆಗೆ ಬಂದ ಮೇಲೆ ಮೀನಾ ಏನೂ ಕೇಳುತ್ತಿರಲಿಲ್ಲ. ಅವಳಿಗೆ ಇದೊಂದೂ ಗೊತ್ತಿಲ್ಲ ಎಂದು ಅವನು ನಂಬಿದ್ದ. ತನ್ನ ಹರಯದ ಕಾಲದಲ್ಲಿ ಹುಟ್ಟಿದ್ದರೆ ಭುಜದ ಮೇಲೆ ಕೂರಿಸಿಕೊಂಡು ಇಡೀ ವಾಸ್ಕೋ ತಿರುಗುತ್ತಿದ್ದೆ ಎಂದು ಎಷ್ಟೋ ಸಲ ಅನ್ನಿಸುತ್ತಿತ್ತು. ಅಷ್ಟು ಪ್ರೀತಿ ಇಟ್ಟುಕೊಂಡು ಅವಳಿಗೆ ಅಪ್ಪನೆಂದು ಹೇಳಿಕೊಳ್ಳಲು ನಾಚುವವನು ಎಂಥ ಮನುಷ್ಯ ಎಂದೂ ಅನ್ನಿಸುತ್ತಿತ್ತು.

ಚಿಪ್ ಹಾಕಿದ ದಿನ ಸಾಹೇಬರು ಜೂನ್ ಒಂದರ ಚಹಾ ಕುಡಿಸಿದ ಮೇಲೆ ಇಸವಿ ಕೇಳಿದ್ದರು. ಆಗ ಕ್ಯಾಬಿನ್ನಿನಲ್ಲಿ ಅವರಿಬ್ಬರೇ. ಚಹಾದ ಹುರುಪಿನಲ್ಲಿ ಹೊಳೆಪ್ಪ, ಇದು ನನ್ನ ಮಗಳ ವಾರಿಗೆಯದು, ಅವಳು ಹುಟ್ಟಿದ ದಿನವೇ ಬಂದದ್ದು ಎಂದುಬಿಟ್ಟ. ಮಗಳಿಗೆಷ್ಟು ವರ್ಷ ಎಂದು ಸಾಹೇಬರು ಕೇಳಿದರು. ಆರು ಎನ್ನಬೇಕು, ಎಂದರೆ ಸಾಹೇಬರು ಮೊದಲು ಅವನ ತಲೆಕೂದಲು ನೋಡುತ್ತಾರೆ, ಆಮೇಲೆ ಮುಖ, ಆಮೇಲೆ ಮುಗುಳುನಗೆ. ಐವತ್ತನಾಲ್ಕರ ಗಂಡಸಿಗೆ ಎಷ್ಟು ವರ್ಷದ ಮಗಳಿದ್ದರೆ ಯಾರೂ ನಗುವುದಿಲ್ಲ ಎಂದು ಆ ಒಂದು ಗಳಿಗೆಯಲ್ಲಿ ಅವನು ಹುಡುಕಾಡಿ, ‘ಬಾರಾ’ ಎಂದ. ಸಾಹೇಬರು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಇಸವಿ ಒತ್ತಿದರು. ಮೀನಿಗೆ ಅದರಿಂದ ಏನಾಗಬೇಕಾಗಿದೆ ಎಂದು ಹೊಳೆಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡು ಮೇವು ಹಾಕಲು ಹೋಗಿದ್ದ.

ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತ ಕೂತ. ಗೌಡಸಾನಿಯನ್ನು ಎರಡನೆಯ ತೊಟ್ಟಿಗೆ ಸಾಗಿಸಿ ಅಡಗಿಸಿಡಬಹುದೇ ಎಂದು ಯೋಚಿಸಿದ. ಚಿಪ್ ಓದುವ ಮಷೀನು ಹತ್ತಿರ ಹಿಡಿದರೆ ಸಾಕು ಕೀಂ ಎಂದು ಚಾಡಿ ಹೇಳುತ್ತದೆ. ಅಪ್ಪಾಸಾಬ ಮಾತ್ರ ಚಟ್ನಿ ಹಚ್ಚಿಕೊಂಡು ಆರಾಮಾಗಿ ಉಣ್ಣುತ್ತಿದ್ದ. ‘ಬ್ಯಾಸರ ಮಾಡ್ಕೋಬ್ಯಾಡೋ ಹೊಳೆಪ್ಪಣ್ಣ. ಹದಿನೆಂಟ ವರ್ಷ ಅಂದ್ರ ರಗಡಾತು. ಲವಂಗದ ಎಣ್ಣಿ ನೀರಿಗೆ ಹಾಕಿದ್ರ ಆರಾಮ ಮಕ್ಕೋತೈತಿ, ಅದಕ್ಕ ತಿಳಿಯೂದೂ ಇಲ್ಲ.’ ‘ಹದಿನೆಂಟ ಆಗಿಲ್ಲ ಅದಕ್ಕ’ ಎಂದ ಹೊಳೆಪ್ಪ. ‘ಮತ್ತ ಎಷ್ಟ?’ ‘ಹನ್ನೊಂದು ಮುಗದ ಹನ್ನೆರಡರಾಗ ಬಿದ್ದೈತಿ.’ ‘ನಿನಗ್ಯಾರ ಹೇಳಿದ್ರು?’ ಹೊಳೆಪ್ಪ ಬುತ್ತಿ ಕಟ್ಟಿ ಎದ್ದ. ಗಡಿಯಾರದಲ್ಲಿ ಒಂದೂವರೆ ಆಗಿತ್ತು.

ಕ್ಯಾಬಿನ್ನಿನ ಬಾಗಿಲಲ್ಲಿ ಅವನಿಗೊಂದು ಉಪಾಯ ಹೊಳೆಯಿತು, ಮತ್ತು ಇಷ್ಟು ಸುಲಭದ್ದು ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ ಎಂದು ಖುಷಿಯೂ ಆಯಿತು. ‘ಮೇಡಮ್ಮಾರ, ಗೌಡಸಾನಿ ನಮ್ಮ ಮೊಮ್ಮಗಳ ವಾರಿಗೀದ್ರಿ. ಅಕೀಗೆ ಈ ಆಗಸ್ಟಿಗೆ ಹನ್ನೆರಡ ತುಂಬತಾವ. ಇಸ್ವಿ ಬರಿಯೂದ್ರಾಗ ತಪ್ಪಾಗೈತ್ರಿ.’ ಗೀತಾಂಜಲಿ ಮೀನಿನ ನಂಬರು ಒತ್ತಿ ಹಳೆಯ ದಾಖಲೆ ತೆರೆದಳು. ಓದುತ್ತ ಓದುತ್ತ ಅವಳ ಹುಬ್ಬು ಗಂಟಾಯಿತು. ‘ಕಾಕಾ, ಇಲ್ಲೆ ಸಾಹೇಬ್ರು ಒಂದ ಸಾಲ ಬರದಾರ. ವಯಸ್ಸಿಗೆ ಆಧಾರ: ಕೆಲಸಗಾರನ ಮಗಳ ವಾರಿಗಿ. ಮೊಮ್ಮಗಳಲ್ಲ, ಮಗಳು. ನಿಮ್ಮ ಮಗಳಂದ್ರ ಮೀನಾನ ಅವ್ವ ಅಲ್ಲಾ? ಊರಾಗ ಇರ್ತಾರಲ್ಲ? ಹಂಗಾದ್ರ ಹದಿನೆಂಟೂ ಅಲ್ಲ, ಈ ಮೀನಿಗೆ ಮೂವತ್ತರ ಮ್ಯಾಲೆ ಆಗಬೇಕು!’ ಕ್ಯಾಬಿನ್ನಿಗೆ ಬರುವಾಗ ಹದಿನೆಂಟಿದ್ದ ಗೌಡಸಾನಿಗೆ ಎರಡೇ ನಿಮಿಷದಲ್ಲಿ ಹನ್ನೆರಡು ವರ್ಷ ಜಾಸ್ತಿಯಾಗಿತ್ತು. ಇನ್ನೊಂದು ಮಾತಾಡಿದರೆ ಅದು ಪೋರ್ತುಗೀಸರ ಕಾಲದ ಮೀನೇ ಆಗಿಬಿಡುತ್ತದೆ ಎಂದು ಹೊಳೆಪ್ಪ ಬೆವರಿದ.

‘ಊರಾಗ ಮಗಳಿಲ್ರಿ’ ಎಂದ. ‘ಅಂದ್ರ?’ ‘ಇಲ್ರಿ. ಹುಟ್ಟೇ ಇಲ್ರಿ. ಮೀನಾನ ನನ್ನ ಮಗಳು.’ ಇನ್ನು ಅವಳು ತಲೆಕೂದಲು ನೋಡುತ್ತಾಳೆ, ಮುಖ ನೋಡುತ್ತಾಳೆ, ನಗುತ್ತಾಳೆ. ಆದರೆ ಗೀತಾಂಜಲಿ ನಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಬಹಳ ಮರುಕದಿಂದ ಹೇಳಿದಳು: ‘ಕಾಕಾ, ಆ ಮೀನಿನ ಮ್ಯಾಲೆ ನಿಮಗ ಭಾಳ ಜೀವ ಐತಿ, ನನಗ ಗೊತ್ತೈತಿ. ಆದ್ರ ಅದನ್ನ ಉಳಸಾಕಂತ ಮೊಮ್ಮಗಳನ್ನ ಮಗಳ ಮಾಡ್ಕೊಂಡ್ರ ಹೆಂಗ್ರಿ? ಪಾಪ, ಊರಾಗಿನ ಮಗಳು ಕೇಳಿದ್ರ ಏನಂದಾಳು?’ ಹನ್ನೆರಡು ವರ್ಷ ಸುಳ್ಳನ್ನು ಒಬ್ಬರೂ ಅನುಮಾನಿಸಿರಲಿಲ್ಲ. ಮೊದಲ ಸಲ ಖರೆ ಹೇಳಿದರೆ ಅದಕ್ಕೆ ದಾಖಲೆ ಬೇಕಂತೆ. ‘ಕಂಪ್ಯೂಟರನ್ಯಾಗ ತಿದ್ದಬೇಕಂದ್ರ ಕಾಗದ ಹಚ್ಚಬೇಕಾಗತೈತಿ. ಮೀನಾನ ಹುಟ್ಟಿದ ಸರ್ಟಿಫಿಕೇಟ ಇದ್ರ ಮೂರೂವರಿ ಒಳಗ ತರಸ್ರಿ. ಇಲ್ಲಂದ್ರ ನನ್ನ ಕೈಯಾಗ ಏನಿಲ್ಲ’ ಎಂದಳು.

ಲಕ್ಷ್ಮವ್ವ ಫೋನಿನಲ್ಲಿ ಎರಡು ಸಲ ಕೇಳಿಸಿಕೊಂಡಳು. ‘ಮೀನಿನ ವಯಸ್ಸಿಗೆ ನನ್ನ ಮಗಳ ಕಾಗದ ಯಾಕ? ತಲಿ ಗಿಲಿ ತಿರಗೈತೇನ ನಿಮಗ?’ ‘ವಾರಿಗೀವು ಅದಾವಲಾ, ಅದಕ್ಕ.’ ‘ಅಕೀಗೂ ಮೀನಿಗೂ ವಾರಿಗಿ ಹಚ್ಚೀರೇನ? ಯಾರ ಮುಂದ?’ ‘ಮೇಡಮ್ಮಾರ ಮುಂದ.’ ಕೇಂದ್ರದಲ್ಲಿ ಗಂಡ ಏನು ಹೇಳಿಕೊಂಡಿದ್ದಾನೆಂದು ಲಕ್ಷ್ಮವ್ವನಿಗೆ ಗೊತ್ತಿತ್ತೋ ಇಲ್ಲವೋ, ಅವನು ಎಂದೂ ಕೇಳುವ ಧೈರ್ಯ ಮಾಡಿರಲಿಲ್ಲ. ‘ಅಕೀ ನಿಮ್ಮ ಮಗಳು ಅಂತ ಅಂದ್ರೇನ?’ ಎಂದಳು ಅವಳು. ‘ಅಂದೆ.’ ‘ಕಾಗದ ಯಾವುದಂತ ನನಗ ಓದಾಕ ಬರೂದಿಲ್ಲ. ಅಕೀನ ನೋಡಿ ತಗೀತಾಳ, ಅಕೀ ಕೈಯಾಗ ಕೊಟ್ಟ ಕಳಸ್ತೇನಿ. ಕೊರ್ಟಾಲಿಂ ಸ್ಟಾಪಿನಾಗ ಇಳಿ ಅಂತ ಕಂಡಕ್ಟರಗ ಹೇಳ್ತೇನಿ’ ಎಂದು ಫೋನು ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೊಳೆಪ್ಪನಿಗೆ ಅನುಕೂಲವಾಗುತ್ತಿತ್ತು.

ಮೂರೂ ಇಪ್ಪತ್ತಕ್ಕೆ ಮೀನಾ ಗೇಟಿನಲ್ಲಿ ಕಾಣಿಸಿದಳು. ಹಬ್ಬದ ಫ್ರಾಕು ಹಾಕಿ, ಎರಡು ಜಡೆ ಬಿಗಿದು, ಪವಡರು ಬಳಿದು ಕಳಿಸಿದ್ದಳು ಲಕ್ಷ್ಮವ್ವ. ಚಪ್ಪಲಿ ಇವತ್ತೂ ಅದಲುಬದಲಾಗಿದ್ದವು. ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದಳು. ಹೊಳೆಪ್ಪ ಅವಳ ಬೆನ್ನನ್ನು ನೋಡಿದ. ನೆಟ್ಟಗಿತ್ತು. ಅಷ್ಟಕ್ಕೇ ಅವನ ಕಣ್ಣು ತುಂಬಿಬಂದವು. ಕ್ಯಾಬಿನ್ನಿಗೆ ಹೋಗುವ ದಾರಿಯಲ್ಲಿ ಅವಳು ಮೂರನೆಯ ತೊಟ್ಟಿಯ ಹತ್ತಿರ ನಿಂತು, ಕನ್ನಡಕ ಒರೆಸಿಕೊಂಡು ಒಳಗೆ ಇಣುಕಿದಳು. ‘ಇದೇನ ನನ್ನ ವಾರಿಗೀದು? ಎಷ್ಟ ದೊಡ್ಡಾಕಿ ಅದಾಳ!’ ಎಂದಳು ಮೆಲ್ಲಗೆ, ತನಗಿಂತ ಮುಂದಿನ ಇಯತ್ತೆಗೆ ಹೋದ ಗೆಳತಿಯನ್ನು ಕಂಡವಳ ಹಾಗೆ. ಆಚೆ ಅಪ್ಪಾಸಾಬ ಲವಂಗದ ಎಣ್ಣೆಯ ಬಾಟಲಿ, ದೊಡ್ಡ ಜೋಳಿಗೆಬಲೆ ತಂದು ಇಟ್ಟುಕೊಂಡಿದ್ದ. ಗೇಟಿನ ಹೊರಗೆ ಐಸ್ ಗಾಡಿ ಆಗಲೇ ಬಂದು ನಿಂತು ನೀರು ತೊಟ್ಟಿಕ್ಕುತ್ತಿತ್ತು.

ಗೀತಾಂಜಲಿ ಕಾಗದವನ್ನು ಬೆಳಕಿಗೆ ಹಿಡಿದು ಓದಿದಳು. ತಾರೀಕು ಸರಿಯಿತ್ತು: ಎರಡು ಸಾವಿರದ ಹದಿಮೂರು, ಆಗಸ್ಟ್ ಹದಿನಾಲ್ಕು. ತಾಯಿಯ ಹೆಸರು ಲಕ್ಷ್ಮವ್ವ ಎಂದಿತ್ತು. ತಂದೆಯ ಹೆಸರಿನ ಜಾಗದಲ್ಲಿ ಮಾತ್ರ ಬರೆದವರು ಹುಲ್ಲಪ್ಪ ಎಂದು ಬರೆದಿದ್ದರು. ‘ಇದು ಹುಲ್ಲಪ್ಪ ಐತಲ್ಲ ಕಾಕಾ. ನೀವು ಹೊಳೆಪ್ಪ.’ ‘ನಾನ ರೀ ಅದು’ ಎಂದ ಹೊಳೆಪ್ಪ, ‘ಗೋವಾದಾಗ ಹಂಗ ಬರದಾರ್ರಿ.’ ಹೇಳುವಾಗ ತನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅಪ್ಪಾಸಾಬ ಬಲೆ ಹಿಡಿದುಕೊಂಡೇ ಬಾಗಿಲಿಗೆ ಬಂದು, ಗಾಡಿಯವರು ಅವಸರ ಮಾಡುತ್ತಿದ್ದಾರೆ, ಹಿಡಿಯಲೋ ಬಿಡಲೋ ಎಂದು ಕೇಳಿದ. ಗೀತಾಂಜಲಿ ಒಂದು ಗಳಿಗೆ ಯೋಚಿಸಿ, ಮೀನಾಳನ್ನು ಹತ್ತಿರ ಕರೆದಳು. ‘ನೀ ಹೇಳವಾ. ಇವರು ನಿನಗ ಏನಾಗಬೇಕು?’

ಮೀನಾ ಅವಳ ಮುಖ ನೋಡಿದಳು. ಬಾಗಿಲಲ್ಲಿದ್ದ ಅಪ್ಪಾಸಾಬನನ್ನು ನೋಡಿದಳು. ಹೊಳೆಪ್ಪನ ಕೆಲಸದ ಅಂಗಿಯನ್ನು, ಗೋಡೆಯ ಮೇಲಿನ ಕಂಪನಿಯ ಬೋರ್ಡನ್ನು ನೋಡಿದಳು. ಕನ್ನಡಕ ಮೇಲೇರಿಸಿಕೊಂಡು, ಸಾಲಿಯಲ್ಲಿ ಎದ್ದುನಿಂತು ಉತ್ತರ ಹೇಳುವವರ ಹಾಗೆ ಸ್ಪಷ್ಟವಾಗಿ, ‘ಅಜ್ಜ್ರಿ’ ಎಂದಳು.

ಗೀತಾಂಜಲಿಯ ಕೈ ಕಂಪ್ಯೂಟರಿನಿಂದ ಈಚೆಗೆ ಬಂತು. ಅಪ್ಪಾಸಾಬ ಬಲೆಯನ್ನು ಹೆಗಲಿಗೇರಿಸಿದ. ‘ಸುಳ್ಳ್ರಿ!’ ಎಂದು ಹೊಳೆಪ್ಪ ಕಿರುಚಿದ. ‘ಸುಳ್ಳ ಹೇಳಾಕತ್ತಾಳ್ರಿ ಮೇಡಮ್ಮಾರ, ನಂಬಬ್ಯಾಡ್ರಿ ಅಕೀನ!’ ಮೀನಾ ಬೆಚ್ಚಿಬಿದ್ದಳು. ಅವಳ ಮುಖ ಸಣ್ಣದಾಯಿತು. ಎಲ್ಲಿ ತಪ್ಪಾಯಿತೆಂದು ತಿಳಿಯದೆ ಅವನ ಹತ್ತಿರ ಸರಿದು, ಅಂಗಿಯ ತೋಳು ಜಗ್ಗಿ, ಬೇರೆಯವರಿಗೆ ಕೇಳಿಸಬಾರದೆಂದು ದನಿ ಇಳಿಸಿ ಹೇಳಿದಳು: ‘ಅಪ್ಪಾ, ಇಲ್ಲೆ ಹಂಗ ಅನಬೇಕಲ್ಲ?’

ಕ್ಯಾಬಿನ್ನು ಚಿಕ್ಕದು, ಎಲ್ಲರಿಗೂ ಕೇಳಿಸಿತು. ಹಾಗೆನ್ನಬೇಕೆಂದು ಹೊಳೆಪ್ಪ ಅವಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಡದೆ ಅವಳೇ ಕಲಿತಿದ್ದಳು, ಎಂದಿನಿಂದಲೋ ಏನೋ. ಅವನ ಮಾನ ಕಾಯುವುದು ತನ್ನ ಕೆಲಸವೆಂದು ತಿಳಿದುಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಅಪ್ಪಾಸಾಬ ಬಲೆಯನ್ನು ಕೆಳಗಿಟ್ಟು, ಹೊಳೆಪ್ಪನ ಕಡೆ ನೋಡದೆ ಹೊರಗೆ ಹೋದ. ಗಾಡಿಯವರಿಗೆ ಅವನು ಏನೋ ಹೇಳುವುದು ಕೇಳಿಸಿತು. ಗೀತಾಂಜಲಿ ತಲೆ ತಗ್ಗಿಸಿಕೊಂಡು ಕಂಪ್ಯೂಟರಿನಲ್ಲಿ ಎರಡು ಸಾವಿರದ ಹದಿಮೂರು ಒತ್ತಿದಳು, ಜೂನ್ ಒಂದನ್ನು ಅಳಿಸಿ ಆಗಸ್ಟ್ ಹದಿನಾಲ್ಕು ಮಾಡಿದಳು. ‘ಆತು ಕಾಕಾ’ ಎಂದಳು. ಗೌಡಸಾನಿ ಉಳಿಯಿತು. ಬೆಳಗಿನಿಂದ ಅದಕ್ಕಾಗಿ ಒದ್ದಾಡಿದವನಿಗೆ ಈಗ ಸಂತೋಷವೆಂಬುದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅವನಿಗೆ ಅಲ್ಲೇ ನೆಲದ ಮೇಲೆ ಕೂತು ಅಳಬೇಕೆನ್ನಿಸಿತು.

ಹೊಳೆಪ್ಪ ಅವಳನ್ನು ಕಳಿಸಲು ಗೇಟಿನವರೆಗೆ ಬಂದ. ಐಸ್ ಗಾಡಿ ಹೋಗಿ ರಸ್ತೆಯ ಮೇಲೆ ಅದರ ನೀರು ಮಾತ್ರ ಉಳಿದಿತ್ತು. ದೂರದಲ್ಲಿ ವಾಸ್ಕೋದ ಬಸ್ಸು ಬರುವುದು ಕಾಣಿಸಿತು. ಮೀನಾ ಕಾಗದವನ್ನು ಮತ್ತೆ ಎದೆಗೆ ಅವಚಿಕೊಂಡು ಅವನ ಕಡೆ ತಿರುಗಿದಳು. ಬಾಯಿ ತೆರೆದಳು, ಮುಚ್ಚಿದಳು, ಗೇಟಿನ ಒಳಗೆ ನಿಂತಿದ್ದವರ ಕಡೆ ಒಮ್ಮೆ ನೋಡಿದಳು. ಇಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅವಳಿಗೆ ಇನ್ನು ಗೊತ್ತಾಗುವಂತಿರಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ನೀನು ಎಂದೇ ಮಾತಾಡಿದವಳು, ಕೊನೆಗೆ, ಗುರುತಿಲ್ಲದ ಹಿರಿಯರಿಗೆ ಹೇಳುವ ಹಾಗೆ, ‘ಹೋಗಿ ಬರ್ತೇನ್ರಿ’ ಎಂದಳು.